ನಮ್ಮ ವೆಬ್‌ಸೈಟಿನ ಬಾಗಿಲಲ್ಲಿ ಅಗೆಯುತ್ತಿರುವ ಹಳದಿ ಟೊಪ್ಪಿಗೆಯವರಿಗೆ

ಹುಮನಾಬಾದ ತಾಲ್ಲೂಕಿನ ದುಬಲಗುಂಡಿಯ ಬೆಳಗು ಮಹಿಳಾ ರೊಟ್ಟಿ ಕೇಂದ್ರದ ವೆಬ್‌ಸೈಟಿನ ಮುಖ್ಯ ಬಾಗಿಲಲ್ಲಿ, ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡು, 'ಕೆಲಸ ನಡೆಯುತ್ತಿದೆ, ದಯವಿಟ್ಟು ಮತ್ತೆ ಬನ್ನಿ' ಎಂಬ ಬರಹದ ಮೇಲೆ ನಿಂತು, ಸಲಿಕೆ ಹಿಡಿದು ಹಗಲಿರುಳೂ ಅಗೆಯುತ್ತಿರುವ ಮಾನ್ಯರೇ,

ಲಲಿತಾಬಾಯಿ ಮಹಾರುದ್ರಪ್ಪ ಮಾಡುವ ಶರಣು ಶರಣಾರ್ಥಿಗಳು. ಇಂದು ಸೋಮವಾರ, ನನಗೆ ಉಪವಾಸ. ಕಸ ಹೊಡೆದು, ಅಂಗಳಕ್ಕೆ ನೀರು ಹಾಕಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ, ಮನೆಯವರಿಗೆ ರೊಟ್ಟಿ ಪಲ್ಯ ಮುಚ್ಚಿಟ್ಟು, ನಾನು ಮಾತ್ರ ಒಂದು ಕಪ್ ಚಹಾ ಕುಡಿದು ಈ ಪತ್ರ ಬರೆಯಲು ಕುಳಿತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯಬಾರದೆಂದು ನಮ್ಮವ್ವ ಹೇಳುತ್ತಿದ್ದಳು. ಉಂಡ ದಿನ ಬರೆಯಬಹುದೇ ಎಂದು ನಾನೂ ಕೇಳಲಿಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಏನಾದರೂ ತಪ್ಪು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಾವು ಊಟ ಮಾಡಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ತಮ್ಮ ಹೊಟ್ಟೆಯಲ್ಲಿ ಜಾಗ ಇದ್ದೇ ಇದೆ.

ಮೊದಲಿಗೆ ತಮ್ಮ ಕಾಯಕದ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿಯೇ ಮುಂದೆ ಹೋಗುತ್ತೇನೆ. ಫೋನಿನಲ್ಲಿ ನಮ್ಮ ಕೇಂದ್ರದ ಹೆಸರು ಒತ್ತಿದ ಕೂಡಲೇ ತಾವು ಬರುತ್ತೀರಿ. ಸಲಿಕೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಚಹಾಕ್ಕೆ ಹೋಗುವುದಿಲ್ಲ, ತಂಬಾಕು ತಿಕ್ಕುವುದಿಲ್ಲ, ಅಮಾವಾಸ್ಯೆ ಎಂದು ಸೂಟಿ ಕೇಳುವುದಿಲ್ಲ. ಇಂಥ ಆಳು ಸಿಕ್ಕರೆ ಈ ಭಾಗದ ಯಾವ ಒಕ್ಕಲಿಗನೂ ಕಣ್ಣಿಗೆ ಒತ್ತಿಕೊಂಡಾನು. ಒಂದೇ ಒಂದು ಸಂದೇಹ: ತಾವು ಅಗೆಯಲು ನಿಂತದ್ದು ಯುಗಾದಿಯ ಹೊತ್ತಿಗೆ. ಅಲ್ಲಿಂದ ನಾವು ಹೆಸರುಕಾಯಿ ಬಿಡಿಸಿದೆವು, ಉದ್ದು ಬಡಿದೆವು, ಸೋಯಾ ರಾಶಿಯೂ ಮುಗಿಯಿತು, ದಸರೆಯ ಬನ್ನಿಯನ್ನೂ ಹಂಚಿದೆವು. ತಮ್ಮ ಮುಂದಿನ ಮಣ್ಣಿನ ಗುಡ್ಡೆ ಮಾತ್ರ ಹಿಡಿಯಷ್ಟು ಹೆಚ್ಚಿಲ್ಲ, ಹಿಡಿಯಷ್ಟು ಕಡಿಮೆಯಾಗಿಲ್ಲ. ನಮ್ಮ ಮನೆಯವರು ಮೊನ್ನೆ ನನ್ನ ಭುಜದ ಮೇಲಿಂದ ತಮ್ಮನ್ನು ನೋಡಿ, "ಈತ ಬಾವಿ ತೋಡಾಕತ್ತಿದ್ರ ಇಷ್ಟೊತ್ತಿಗೆ ನೀರ ಬಂದು ಹೋಗಿ ಬತ್ತಿರತಿತ್ತು" ಎಂದರು. ಅವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಾವು ಅಗೆಯುವುದನ್ನು ಅವರು ಕೂತೇ ನೋಡಿದ್ದು.

ಈ ಬಾಗಿಲು ಯಾಕೆ ಬೇಕಾಯಿತೆಂಬುದು ತಮಗೆ ತಿಳಿದಿರಲಿಕ್ಕಿಲ್ಲ. ನಾವು ಹತ್ತು ಮಂದಿ ಹೆಂಗಸರು ಶೇವಂತಾಬಾಯಿಯ ಪಡಸಾಲೆಯಲ್ಲಿ ಕೂತು ಜೋಳದ ಖಡಕ್ ರೊಟ್ಟಿ ಬಡಿಯುತ್ತೇವೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕುಟ್ಟುತ್ತೇವೆ. ಬಸವಕಲ್ಯಾಣದಲ್ಲಿ ಒಮ್ಮೆ ಅಂಗಡಿ ಹಾಕಿದ್ದಾಗ ಹೈದರಾಬಾದಿನ ಹೆಣ್ಣುಮಕ್ಕಳ ಹಾಸ್ಟೆಲೊಂದರ ಉಸ್ತುವಾರಿ ನೋಡುವ ಹೆಣ್ಣುಮಗಳೊಬ್ಬರು ದರ್ಶನಕ್ಕೆ ಬಂದವರು ನಮ್ಮ ರೊಟ್ಟಿ ಮುರಿದು ತಿಂದು, ವಾರ ವಾರವೂ ಇಂಥವೇ ಬೇಕೆಂದರು. "ಆದ್ರ ನಮ್ಮ ಮ್ಯಾನೇಜರ್ ಸಾಹೇಬ್ರು ವೆಬ್‌ಸೈಟ್ ನೋಡದ ಯಾರಿಗೂ ಆರ್ಡರ್ ಕೊಡಂಗಿಲ್ರಿ" ಎಂದೂ ಸೇರಿಸಿದರು. ನಾಲಿಗೆಗೆ ರುಚಿ ಗೊತ್ತಾದ ಮೇಲೂ ಕಣ್ಣಿಗೆ ಸಾಕ್ಷಿ ಬೇಕೆನ್ನುವ ಕಾಲ ಇದು ಎಂದುಕೊಂಡು ಒಪ್ಪಿದೆವು.

ಆ ಆರ್ಡರಿನ ಮೇಲೆ ಹೆಚ್ಚು ಕಣ್ಣಿಟ್ಟವಳು ನಮ್ಮ ಸುಜಾತಾ. ಅವಳೂ ಅವಳ ಗಂಡ ಮಚ್ಚೇಂದ್ರನೂ ಪ್ರತಿವರ್ಷ ದೀಪಾವಳಿ ಮುಗಿಯುತ್ತಲೇ ಕೂಲಿಯಾಳುಗಳನ್ನು ಒಯ್ಯುವ ಮುಕಾದಮನ ಹಿಂದೆ ಪುಣೆಗೆ ಹೋಗಿ, ಎದ್ದೇಳುವ ಕಟ್ಟಡಗಳಲ್ಲಿ ಇಟ್ಟಂಗಿ ಹೊತ್ತು, ಯುಗಾದಿಗೆ ತಿರುಗಿ ಬರುವವರು. ಮಗಳೂ ಅವರ ಜೊತೆಗೇ ಹೋಗುತ್ತಾಳೆ, ಅರ್ಧ ವರ್ಷ ಇಲ್ಲಿಯ ಸಾಲೆ, ಅರ್ಧ ವರ್ಷ ಅಲ್ಲಿಯ ಸಿಮೆಂಟು. ವಾರದ ಆರ್ಡರು ಗಟ್ಟಿಯಾದರೆ ಸುಜಾತಾಳೂ ಮಗಳೂ ಈ ವರ್ಷ ಊರಲ್ಲೇ ಉಳಿಯುವುದೆಂದು ಮಾತಾಗಿದೆ. ಅಂದ ಹಾಗೆ, ತಮ್ಮಂಥ ಹಳದಿ ಟೊಪ್ಪಿಗೆಯನ್ನು ಅಲ್ಲಿ ಗಂಡಾಳುಗಳಿಗಷ್ಟೇ ಕೊಡುತ್ತಾರಂತೆ. ಹೆಂಗಸರಿಗೆ ತಲೆಯ ಮೇಲೆ ಬುಟ್ಟಿ ಇರುವುದರಿಂದ ಬೇಕಾಗುವುದಿಲ್ಲವೆಂದು ಹೇಳುತ್ತಾರಂತೆ.

ತಮ್ಮನ್ನು ಕೆಲಸಕ್ಕೆ ಇಟ್ಟವನು ಸ್ವಪ್ನಿಲ. ಹುಮನಾಬಾದ ಬಸ್ ಸ್ಟ್ಯಾಂಡಿನ ಎದುರು, ಚಹಾದ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವನ ಕಂಪ್ಯೂಟರ್ ಅಂಗಡಿ ಇದೆ. ಒಳ್ಳೆಯ ಹುಡುಗ, ಹಿರಿಯರನ್ನು ಕಂಡರೆ ಎದ್ದು ನಿಲ್ಲುತ್ತಾನೆ. "ಹದಿನೈದು ದಿನದಾಗ ಮಾಡಿ ಕೊಡ್ತೀನ್ರಿ ಕಾಕೂ" ಎಂದ. ಯಾವ ತಿಂಗಳಿನ ಹದಿನೈದು ದಿನ ಎಂದು ಕೇಳದೆ ಬಂದದ್ದು ನಮ್ಮ ಮೂರ್ಖತನ.

ಮೊದಲು ಹೆಸರಿನ ಕೆಲಸ ಬಂತು. ಇಂಗ್ಲಿಷಿನಲ್ಲಿ ರೊಟ್ಟಿ ಬರೆಯುವಾಗ ನಡುವೆ ಆ ಭಾಷೆಯ 'ಟೀ' ಅಕ್ಷರವನ್ನು ಒಮ್ಮೆ ಹಾಕಬೇಕೋ ಎರಡು ಸಲ ಹಾಕಬೇಕೋ ಎಂಬುದು ಸ್ವಪ್ನಿಲನ ಸಂದೇಹವಂತೆ. ಅವನು ಫೋನಿನಲ್ಲಿ ಕೇಳಿದ್ದು ಮಾತ್ರ, "ಒಂದು ಟೀ ಸಾಕೇನ್ರಿ, ಎರಡು ಬೇಕ್ರಿ?" ಎಂದು. ಪೇಟೆಯವರು ಚಹಾಕ್ಕೆ ಟೀ ಅನ್ನುವುದು ಗೊತ್ತಿದ್ದ ಶೇವಂತಾಬಾಯಿ, ಹುಡುಗ ಯಾರನ್ನೋ ಜೊತೆಗೆ ಕರೆದುಕೊಂಡು ಬರುತ್ತಿದ್ದಾನೆಂದು ತಿಳಿದು, "ಎರಡೇ ಇರಲಪ್ಪ, ಒಂದರಾಗ ಏನ್ ಜಿಪುಣತನ" ಎಂದು ಹೇಳಿ ಒಲೆಗೆ ಪಾತ್ರೆ ಇಟ್ಟಳು. ಸಂಜೆಯವರೆಗೆ ಯಾರೂ ಬರಲಿಲ್ಲ. ಚಹಾ ನಾವೇ ಕುಡಿದೆವು, ಹೆಸರು ಮಾತ್ರ ಎರಡು ಟೀಯಲ್ಲಿ ನೋಂದಣಿಯಾಯಿತು. ಇದೊಂದೇ ಕೆಲಸ ಒಂದು ದಿನದಲ್ಲಿ ಮುಗಿದದ್ದು. ನಾವು ಏನು ಮಾತಾಡುತ್ತಿದ್ದೇವೆಂದು ನಮಗೆ ಗೊತ್ತಿಲ್ಲದಿದ್ದದ್ದೇ ಅದಕ್ಕೆ ಕಾರಣವಿರಬೇಕು, ಯಾಕೆಂದರೆ ಆಮೇಲೆ ಬಾಗಿಲಿನ ಬಣ್ಣ ಯಾವುದಿರಲಿ ಎಂಬುದನ್ನು ತಿಳಿದು ತಿಳಿದು ಚರ್ಚೆ ಮಾಡಿ ಒಂದು ಮಳೆಗಾಲ ಕಳೆದೆವು.

ಇನ್ನೊಂದು ಸಂಗತಿ ತಮ್ಮ ಬೆನ್ನ ಹಿಂದೆ ನಡೆದದ್ದು. ಲೋಕಕ್ಕೆ ತಮ್ಮನ್ನು ತೋರಿಸಿ, ಒಳಗೆ ಕಟ್ಟುತ್ತಿದ್ದ ಪುಟವನ್ನು ಸ್ವಪ್ನಿಲ ನಮಗೆ ಮಾತ್ರ ವಾಟ್ಸಾಪಿನಲ್ಲಿ ಕಳಿಸಿದ್ದ. ಅದರಲ್ಲಿ ಬಿಳಿ ಟೊಪ್ಪಿಗೆಯ ಪರದೇಶದ ಹೆಂಗಸೊಬ್ಬಳು ಬಾಣಲೆ ಹಿಡಿದು ನಗುತ್ತಿದ್ದಳು. "ಈಕಿ ಯಾರ ಮನಿ ಸೊಸಿ?" ಎಂದು ಶೇವಂತಾಬಾಯಿ ಕೇಳಿದಳು, ಯಾರಿಗೂ ಗೊತ್ತಾಗಲಿಲ್ಲ. ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಉದ್ದಕ್ಕೂ ಏನೋ ಬರೆದಿತ್ತು. ನಮ್ಮ ಕರೀಮಾಳ ಗಂಡ ಬದ್ರುದ್ದೀನ್ ದರ್ಜಿ ಕನ್ನಡಕ ಹಾಕಿಕೊಂಡು ಓದಿದ: 'ಲೋರೆಮ್ ಇಪ್ಸಮ್' ಎಂದು ಶುರುವಾಗಿ ತೇಲುತ್ತ ತೇಲುತ್ತ ಹೋಯಿತು. ಇಂಗ್ಲಿಷ್ ಅಂತೂ ಅಲ್ಲವೆಂದ. ಓದುವ ಧಾಟಿ ಕೇಳಿದರೆ ಪ್ರಾರ್ಥನೆಯ ಹಾಗಿತ್ತು. ನಾನು ಕರೀಮಾಳ ಮುಖ ನೋಡಿದೆ. "ನಮ್ದಲ್ಲ ಬಾಯಿ, ನಿಮ್ದೇ ಇರಬೇಕು ನೋಡ್ರಿ" ಎಂದಳು. ನಮ್ಮದಲ್ಲವೆಂದು ನನಗೆ ಗೊತ್ತಿತ್ತು. ಶೇವಂತಾಬಾಯಿಯವರ ಬುದ್ಧವಂದನೆಯ ಪಾಲಿ ಇರಬಹುದೆಂದು ಅವಳ ಅಳಿಯ ಸಂಘಪಾಲನಿಗೆ ತೋರಿಸಿದರೆ, ವಿಹಾರದಲ್ಲಿ ಇಂಥದ್ದನ್ನು ತಾನು ಕೇಳಿಯೇ ಇಲ್ಲವೆಂದ. ಹಾಗಾದರೆ ನಮ್ಮೂರಲ್ಲಿ ಮನೆ ಇಲ್ಲದ ಯಾರೋ ದೂರದವರ ಮಂತ್ರ ಇದು ಎಂದು ತೀರ್ಮಾನವಾಯಿತು.

ಮಾನ್ಯರೇ, ಮಂತ್ರವನ್ನು ಅಳಿಸಲು ಯಾರಿಗೆ ಕೈ ಬಂದೀತು? 'ಇಲ್ಲಿ ನಿಮ್ಮ ಮಾತು ಬರೆದು ಕೊಡಿ' ಎಂದು ಸ್ವಪ್ನಿಲ ಮೇಲಿಂದ ಮೇಲೆ ಸಂದೇಶ ಹಾಕುತ್ತಿದ್ದ, 'ಇರುವುದೇ ಚೆನ್ನಾಗಿದೆ, ಮುಟ್ಟಬೇಡಪ್ಪ' ಎಂದು ನಾವು ಅಷ್ಟೇ ಭಕ್ತಿಯಿಂದ ಉತ್ತರಿಸುತ್ತಿದ್ದೆವು. ಅವನು ನಮ್ಮ ಮಾತಿಗಾಗಿ ಕಾದ, ನಾವು ಅವನ ಬಾಗಿಲಿಗಾಗಿ ಕಾದೆವು, ತಾವು ಅಗೆದಿರಿ. ಎಲ್ಲರೂ ತಮ್ಮ ತಮ್ಮ ಕೆಲಸ ಶ್ರದ್ಧೆಯಿಂದ ಮಾಡಿದ್ದಕ್ಕೇ ಇಷ್ಟು ತಡವಾಯಿತೆಂದರೆ ಹೊರಗಿನವರು ನಂಬುವುದಿಲ್ಲ.

ದಸರೆಗೆ ಮುಂಚೆ ಹಾಸ್ಟೆಲಿನ ಮ್ಯಾನೇಜರ್ ಸಾಹೇಬರು ತಾವಾಗಿಯೇ ಫೋನ್ ಮಾಡಿದರು. ಅವರು ನಮ್ಮ ಹೆಸರು ಒತ್ತಿದ್ದಾರೆ, ತಾವು ಸಲಿಕೆ ಸಮೇತ ಹೋಗಿ ನಿಂತಿದ್ದೀರಿ. "ಅಮ್ಮಾ, ನೀವು ರೊಟ್ಟಿಯವರೋ ಬಿಲ್ಡಿಂಗ್ ಕಾಂಟ್ರಾಕ್ಟಿನವರೋ?" ಎಂದು ಕೇಳಿದರು. ಫೋನ್ ಎತ್ತಿದವಳು ಸುಜಾತಾ. "ಎರಡೂ ಬರತದ್ರಿ ಸಾಹೇಬ್ರ, ಆದ್ರ ರೊಟ್ಟಿನೇ ಮಾಡಬೇಕಂತ ಮನಸ್ಸದ" ಎಂದಳು. ಸಾಹೇಬರು ನಕ್ಕು, ಪುಟ ತೆರೆದ ದಿನ ತಿಳಿಸಿರಿ, ಅಂದೇ ಆರ್ಡರು ಬರೆಯುತ್ತೇನೆ, ದೀಪಾವಳಿಯವರೆಗೆ ಕಾಯುತ್ತೇನೆ ಎಂದರು. ಅವಳು ಫೋನ್ ಇಟ್ಟು ಹಿಟ್ಟು ನಾದಲು ಕೂತಳು. ಅಂದು ಅವಳು ಬಡಿದ ರೊಟ್ಟಿಯ ಸಪ್ಪಳ ಓಣಿಯ ತುದಿಯವರೆಗೂ ಕೇಳುತ್ತಿತ್ತು.

ಅಂದೇ ನಾನು ಸ್ವಪ್ನಿಲನನ್ನು ಊರಿಗೆ ಕರೆಸಿದೆ. ಮಂತ್ರದ ವಿಷಯ ಕೇಳಿ ಅವನು ಮೊದಲು ಗಾಬರಿಯಾಗಿ, ಆಮೇಲೆ ಗೋಡೆಗೆ ಮುಖ ಮಾಡಿ ನಕ್ಕ. ಅದು ಯಾರ ಪ್ರಾರ್ಥನೆಯೂ ಅಲ್ಲವಂತೆ. ನಿಜವಾದ ಮಾತು ಬರುವವರೆಗೆ ಜಾಗ ತುಂಬಿ ಇರಲೆಂದು ಹಾಕುವ ಅರ್ಥವಿಲ್ಲದ ಬರಹವಂತೆ. ಹಾಗೆ ಜಾಗ ತುಂಬುವ ಮಾತು ಸಭೆ ಸಮಾರಂಭಗಳಲ್ಲಿ ನಾವೂ ಬೇಕಾದಷ್ಟು ಕೇಳಿದ್ದೇವೆ, ಆದರೆ ಅದನ್ನು ಕನ್ನಡದಲ್ಲೇ ಆಡುತ್ತಾರೆ. "ಕಾಕೂ, ಕಟ್ಟೋದು ಎಂಟು ದಿನದ ಕೆಲಸ ನೋಡ್ರಿ. ಏನ್ ಕಟ್ಟಬೇಕಂತ ನೀವು ಹೇಳೋದಕ್ಕೇ ವ್ಯಾಳ್ಯಾ ಹತ್ತತದ" ಎಂದು ಹೇಳಿದ. ಹಾಗೆಂದು ಯುಗಾದಿಯ ದಿನವೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ನಾನು ಕೇಳಿದೆ. ಕೇಳಿದ್ದರೆ ಹೇಳುತ್ತಿದ್ದೆ ಎಂದ. ಇಬ್ಬರ ಮಾತೂ ಖರೆ.

ಆಮೇಲೆ ನಾವು ಹೇಳುತ್ತ ಹೋದೆವು, ಅವನು ಬರೆದುಕೊಂಡ. ಸುಜಾತಾ ಕೈ ನಿಲ್ಲಿಸದೆ, "ನಮ್ಮ ರೊಟ್ಟಿ ಎಷ್ಟು ತೆಳ್ಳಗ ಅದ ಅಂದ್ರ, ಎತ್ತಿ ಹಿಡದ್ರ ಆಚೆ ಬಾಜೂ ನಿಂತವರು ಯಾರಂತ ಗೊತ್ತಾಗತದ" ಎಂದಳು. "ಅತ್ತಿ ನಿಂತಿದ್ರ ಜಲ್ದಿ ಗೊತ್ತಾಗತದ" ಎಂದು ಕರೀಮಾ ಸೇರಿಸಿದಳು. ಇದನ್ನೂ ಬರೆಯಲೇ ಎಂದು ಸ್ವಪ್ನಿಲ ನನ್ನ ಕಡೆ ನೋಡಿದ. ಬರೆ ಎಂದೆ, ನಮ್ಮತ್ತೆಯವರು ಲಿಂಗೈಕ್ಯರಾಗಿ ಬಹಳ ವರ್ಷವಾಯಿತು. ಪರದೇಶದ ಸೊಸೆಯನ್ನು ಅವಳ ಮನೆಗೆ ಕಳಿಸಿ, ಹಿಟ್ಟಿನ ಕೈಯ ಸುಜಾತಾಳ ಫೋಟೊ ಅಲ್ಲಿ ಕೂಡಿಸಿದ. ಚಹಾ ಆರುವಷ್ಟರಲ್ಲಿ, ಆರು ತಿಂಗಳು ಆಗದಿದ್ದ ಮಾತೆಲ್ಲ ಆಗಿಹೋಯಿತು.

ಈಗ ಒಳಗಿನ ಪುಟ ಸಿದ್ಧವಾಗಿದೆ. ಅದನ್ನು ನನ್ನ ಕಣ್ಣಾರೆ ಕಂಡಿದ್ದೇನೆ, ತಂಗಾಳಿ ಬೀಸಿದ ಹಾಗೆ ಇದೆ. ಆದರೂ ಹೆಸರು ಒತ್ತಿದರೆ ಇಂದಿಗೂ ತಾವೇ ಬರುತ್ತೀರಿ. ಕೇಳಿದರೆ ಸ್ವಪ್ನಿಲ, "ಎಲ್ಲಾ ಮುಗದದ್ರಿ ಕಾಕೂ, ಬಾಗಲದಾಗಿನ ಆ ಮನಷ್ಯಾನ್ನ ತೆಗಿಯೋದೊಂದೇ ಉಳದದ. ಮಾಡಾಕತ್ತೇನಿ" ಎನ್ನುತ್ತಾನೆ. ಈ ಮಾಡಾಕತ್ತೇನಿ ಎಂಬ ಮಾತು ಎಷ್ಟು ಉದ್ದ ಎಳೆಯುತ್ತದೆಂದು ನನಗೆ ಈ ವರ್ಷ ಗೊತ್ತಾಗಿದೆ. ಆದಕಾರಣ ಅವನನ್ನು ಬಿಟ್ಟು ನೇರವಾಗಿ ತಮಗೇ ಬರೆಯುತ್ತಿದ್ದೇನೆ. ತಾವು ದಯಮಾಡಿ ಒಂದು ಹೆಜ್ಜೆ ಬದಿಗೆ ಸರಿಯಬೇಕು. ಸೊಂಟ ಹಿಡಿದುಕೊಂಡಿದ್ದರೆ ಎಳ್ಳೆಣ್ಣೆ ಕಾಯಿಸಿ ಕಳಿಸುತ್ತೇನೆ. ಸರಿದ ದಿನ ಬಸವಕಲ್ಯಾಣದಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಈ ಸೀಮೆಯಲ್ಲಿ ಇಷ್ಟು ಅಗೆದು ಒಂದು ತಗ್ಗೂ ಬೀಳಿಸದವರು ಇವರೊಬ್ಬರೇ ಎಂದು ನಾನೇ ನಿಂತು ಭಾಷಣ ಮಾಡುತ್ತೇನೆ. ಕೆಲಸ ಹೋಯಿತೆಂಬ ಚಿಂತೆ ತಮಗೆ ಬೇಡ. ನಮ್ಮಲ್ಲಿ ಹಿಟ್ಟಿನ ಚೀಲ ಹೊರಲು ಒಬ್ಬರು ಬೇಕಾಗಿಯೇ ಇದ್ದಾರೆ. ಇಲ್ಲಿ ಮಾತ್ರ ಚೀಲ ಎತ್ತಿದ ಮೇಲೆ ಎಲ್ಲಾದರೂ ಒಯ್ದು ಇಳಿಸುವ ಪದ್ಧತಿ ಇದೆ.

ತಮ್ಮ ಸಲಿಕೆಯ ಮೇಲೆ ಇನ್ನೂ ವಿಶ್ವಾಸ ಕಳೆದುಕೊಳ್ಳದ,
ಲಲಿತಾಬಾಯಿ ಮಹಾರುದ್ರಪ್ಪ
ಬೆಳಗು ಮಹಿಳಾ ರೊಟ್ಟಿ ಕೇಂದ್ರ, ದುಬಲಗುಂಡಿ

ಮರೆತ ಮಾತು: ಈ ಪತ್ರಕ್ಕೆ ತಮ್ಮ ಉತ್ತರವನ್ನು ಅಂಚೆಗೆ ಹಾಕುವ ತೊಂದರೆ ತೆಗೆದುಕೊಳ್ಳಬೇಡಿ, ನಡೆದು ಗೊತ್ತಿಲ್ಲದವರಿಗೆ ಅಂಚೆ ಡಬ್ಬಿ ದೂರ. ಗುರುವಾರ ಬೆಳಗಿನ ಬಸ್ಸಿಗೆ ಸುಜಾತಾ ಹುಮನಾಬಾದಕ್ಕೆ ಬರುತ್ತಾಳೆ, ಉತ್ತರವನ್ನು ಅವಳ ಕೈಗೇ ಕೊಟ್ಟು ಕಳಿಸಿರಿ. ಅಂದೇ ಮುಕಾದಮನೂ ಸ್ವಪ್ನಿಲನ ಅಂಗಡಿಯ ಕೆಳಗಿನ ಹೋಟೆಲಿನಲ್ಲಿ ಕೂತು, ಪುಣೆಗೆ ಯಾರು ಬರುತ್ತಾರೆ, ಯಾರು ಇಲ್ಲ ಎಂದು ಕೇಳಿ ಬರೆದುಕೊಳ್ಳುತ್ತಾನೆ. ಮೊದಲು ಮಹಡಿ ಹತ್ತಿ ಸ್ವಪ್ನಿಲನ ಅಂಗಡಿಯಲ್ಲಿ ನೋಡು, ಆಮೇಲೆ ಕೆಳಗಿನವನಿಗೆ ಮಾತು ಕೊಡು ಎಂದು ಅವಳಿಗೆ ಹೇಳಿ ಕಳಿಸುತ್ತಿದ್ದೇನೆ. ಆಗಲೂ ತಾವು ಅಲ್ಲೇ ನಿಂತಿದ್ದರೆ ಬೇರೆ ಉತ್ತರ ಬೇಕಿಲ್ಲ, ತಮ್ಮ ಕಾಲ ಕೆಳಗಿನ ಬರಹ ಅವಳಿಗೆ ಓದಲು ಬರುತ್ತದೆ.