ಬಿಳಿ ಕುದುರೆ ಬೇಡವೆಂದ ಚಕ್ರವರ್ತಿ

ಕಳೆದ ಸೋಮವಾರ, ಬೆಳಿಗ್ಗೆ ಏಳು ಗಂಟೆ, ದೇವದುರ್ಗದ ಬಸ್ ನಿಲ್ದಾಣ. ಹಾಜರಿದ್ದವರು: ನಾನು, ನನ್ನ ಕೈಗಡಿಯಾರ ಮತ್ತು ನೆಪೋಲಿಯನ್!

ಗಾಬರಿಯಾಗಬೇಡಿ. ನೆಪೋಲಿಯನ್ ಎಂದರೆ ನನ್ನ ಹೆಂಡತಿಯ ಅಣ್ಣ, ನಿವೃತ್ತ ಇತಿಹಾಸ ಮೇಷ್ಟ್ರು. ಎತ್ತರ ಐದಡಿ, ಅದೂ ಚಪ್ಪಲಿ ಸೇರಿಸಿ. ಫ್ರಾನ್ಸಿನ ಆ ಚಕ್ರವರ್ತಿಯ ವರ್ಣಚಿತ್ರ, ವ್ಯಂಗ್ಯಚಿತ್ರಗಳನ್ನೆಲ್ಲ ಕತ್ತರಿಸಿ ಗೋಡೆ ತುಂಬ ಅಂಟಿಸಿದ್ದಾರೆ. ಅಡುಗೆಮನೆ ಮಾತ್ರ ಅವರ ಹೆಂಡತಿಯ ಸಾಮ್ರಾಜ್ಯ. ಅದನ್ನು ಯಾವ ಚಕ್ರವರ್ತಿಯೂ ಗೆದ್ದಿಲ್ಲ!

ಹಳೆಯ ವಿದ್ಯಾರ್ಥಿಗಳು ಅದೇ ಸಂಜೆ ಆರಕ್ಕೆ ಮಾನ್ವಿಯಲ್ಲಿ ಅವರಿಗೆ ಗುರುವಂದನೆ ಇಟ್ಟುಕೊಂಡಿದ್ದರು. ಬ್ಯಾನರ್ ಮಾತ್ರ ತಾವೇ ಮಾಡಿಸುವುದಾಗಿ ಭಾವ ಹಟ ಹಿಡಿದರು. ತನ್ನ ಬ್ಯಾನರ್ ತಾನೇ ಮಾಡಿಸುವುದೆ? ಇಂಥ ಆತ್ಮಪ್ರಶಂಸೆ ಎಲ್ಲಾದರೂ ಉಂಟೆ? ಆದರೂ ಜೊತೆಗೆ ರಾಯಚೂರಿಗೆ ಹೊರಟೆ. ಒಪ್ಪಿಕೊಂಡ ಕೆಲಸ ಅಂದರೆ ಒಪ್ಪಿಕೊಂಡ ಕೆಲಸವೇ.

ಬಸ್ಸಿನಲ್ಲಿ ಕಂಡಕ್ಟರನಿಗೆ ಭಾವನ ಪಾಠ ಶುರುವಾಯಿತು.

"ನೆಪೋಲಿಯನ್ ಆಲ್ಪ್ಸ್ ಗುಡ್ಡ ದಾಟಿದ್ದು ಹೇಸರಗತ್ತಿ ಮ್ಯಾಲ! ಚಿತ್ರಗಾರ ಬರೆದದ್ದು ನೆಗೆಯೋ ಬಿಳಿ ಕುದುರಿ! ಇಂಗ್ಲಿಷಿನವ್ರೇನು ಕಡಿಮಿ? ಸಾಧಾರಣ ಎತ್ತರದ ಮನಷ್ಯಾನ್ನ ವ್ಯಂಗ್ಯಚಿತ್ರದಾಗ ಗೇಣುದ್ದ ಮಾಡಿ ಊರಿಗೆಲ್ಲಾ ನಗಿಸಿಬಿಟ್ರು!"

"ಕುದುರಿ ಇರ್ಲಿ, ಹೇಸರಗತ್ತಿ ಇರ್ಲಿ ಸರ, ಟಿಕೆಟ್ ಎಷ್ಟು ಹರೀಲ್ರೀ?"

ರಾಯಚೂರಿನ ಫ್ಲೆಕ್ಸ್ ಅಂಗಡಿಯ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಎರಡೇ ನಿಮಿಷಕ್ಕೆ ಭಾವನನ್ನು ಬೆಳ್ಳಗಾಗಿಸಿ, ಒಂದಡಿ ಎಳೆದು, ಬಿಳಿ ಕುದುರೆ ಹತ್ತಿಸಿಬಿಟ್ಟಳು!

"ನೋಡ್ರೀ ಸರ, ರಾಜಾ ಕಂಡಂಗ ಕಾಣಾಕತ್ತೀರಿ!"

"ಇಳಸವ್ವಾ ತಾಯಿ, ಬಿದ್ದರ ಮೊಣಕಾಲು ಹೋಗ್ತಾವ!"

"ಎಲ್ಲಾ ಲೀಡರ್ರೂ ಇದೇ ಕುದುರಿ ಮ್ಯಾಲ ಕುಂತಾರ್ರೀ!"

"ಅದಕ್ಕ ಪಾಪ, ಅದು ಸೊರಗ್ಯದ!"

ಹೀಗೆಂದವರೇ ಚೀಲದಿಂದ ನೋಟ್‌ಬುಕ್ಕಿನ ಹಳದಿ ಹಾಳೆಯೊಂದನ್ನು ತೆಗೆದರು. ಪೆನ್ಸಿಲ್ ಚಿತ್ರ. ಬುಟ್ಟಿಯಷ್ಟು ದೊಡ್ಡ ಟೋಪಿ, ಅದರ ಕೆಳಗೆ ಮೀಸೆ ಹೊತ್ತ ಭಾವ! ಕುರ್ಚಿಯಲ್ಲಿ ಕೂತಿದ್ದಾರೆ, ಕೈ ಕೋಟಿನೊಳಗೆ, ಕಾಲು ನೆಲಕ್ಕೆ ಎಟುಕಿಲ್ಲ! ನಾನೂ ಅವಳೂ ಹೊಟ್ಟೆ ಹಿಡಿದು ನಕ್ಕೆವು. ಭಾವ ನಗಲಿಲ್ಲ.

"ನಮ್ಮ ಗೂಗಲ್ ಹಳ್ಳಿ ಕುರಿ ಕಾಯೋರ ಮನಿ ಹುಡುಗಿ ಬರೆದದ್ದು. ಕ್ಲಾಸೆಲ್ಲಾ ನಕ್ಕಿತ್ತು. ನನಗ ಸಿಟ್ಟು ಬಂತು. ಫೂಟುಪಟ್ಟಿಲೆ ಅಂಗೈಗೆ ಹೊಡೆದೆ. ಮರುದಿನದಿಂದ ಸಾಲಿಗೇ ಬರಲಿಲ್ಲ."

ಹಾಳೆಯ ಮಡಿಕೆ ಸರಿಪಡಿಸುತ್ತ ಹೇಳಿದರು: "ಅವತ್ತು ಇಡೀ ತಾಸು ವ್ಯಂಗ್ಯಚಿತ್ರದ ಪಾಠ ಮಾಡಿದಾವ ನಾನೇ. ತಿಳಿದದ್ದು ಆಕಿ ಒಬ್ಬಾಕಿಗೇ. ಮಾನ್ವಿ ಕಡೆ ಲಗ್ನ ಮಾಡಿ ಕೊಟ್ಟಾರಂತ, ಊರು ಗೊತ್ತಿಲ್ಲ. ಎಂದಾರ ಬಸ್ಸಿಗೆ ಬರ್ತಾಳಲ್ಲ?"

ಸಂಜೆ ಮಾನ್ವಿಯ ಬಸ್ ನಿಲ್ದಾಣದೆದುರು ಏಣಿ ಹತ್ತಿದವನು ನಾನು, ಆಜ್ಞೆ ಚಕ್ರವರ್ತಿಯದು.

"ಗಡಿಯಾರದಪ್ಪಾ, ಇನ್ನೀಟು ಕೆಳಗ! ಬಸ್ಸಿನ ಕಿಟಕಿಗೆ ಸಮ ಇರ್ಲಿ!"

ಇಳಿಸಿದೆ. ಬ್ಯಾನರಿನಲ್ಲಿ ಭಾವನ ಫೋಟೋ ಇರಲಿಲ್ಲ, ಬಿರುದುಗಳೂ ಇರಲಿಲ್ಲ. ಆ ಪೆನ್ಸಿಲ್ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು: "ಗೂಗಲ್ಲಿನ ನೀಲಮ್ಮಗ: ಚಿತ್ರ ಚಲೋ ಅದ. ತಪ್ಪು ಮಾಸ್ತರಂದು."

ಕೊನೆಯ ಗಂಟು ಬಿಗಿದಾಗ ಆರಕ್ಕೆ ಐದು ನಿಮಿಷವಿತ್ತು. ಬಿಚ್ಚಿಹೋಗದಿರಲೆಂದು ಅದರ ಮೇಲೆ ಇನ್ನೊಂದು ಗಂಟು ಹಾಕಿದೆ.