ಮುಲ್ಕಿ ಆಗದ ಡಾಕ್ಟರು

ನನಗೆ ವಿದ್ಯೆ ಕಡಿಮೆ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ವಿನಯ ನನ್ನಲ್ಲಿ ವಿದ್ಯೆಗಿಂತಲೂ ಕಡಿಮೆ. ಮಕ್ಕಳಿಂದ ಬಾಯಿಪಾಠ ಮಾಡಿಸುವುದು ಹೇಗೆ ತಪ್ಪು ಎಂದು ವಿಲಾಯತಿಯಲ್ಲಿ ಕೂತು ನಾನೂರು ಪುಟ ಬರೆದು ಡಾಕ್ಟರೇಟ್ ತಂದವನು ನಾನು. ಅದನ್ನು ಪೂರ್ತಿ ಓದಿದವಳು ಟೈಪು ಮಾಡಿದ ಹೆಂಗಸೊಬ್ಬಳೇ. ಆಕೆಯೂ ಅಭಿಪ್ರಾಯ ಹೇಳಲಿಲ್ಲ. ಆದರೂ ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ವಿಜಾಪುರಕ್ಕೆ ಮರಳಿದಾಗ ನನ್ನನ್ನು ಹಿಡಿಯುವವರಿರಲಿಲ್ಲ. ಹೋದಲ್ಲಿ ಬಂದಲ್ಲಿ ಭಾಷಣ ಬಿಗಿಯುತ್ತಿದ್ದೆ.

ಹಾಗೆ ಬಿಗಿದದ್ದರಲ್ಲಿ ಒಂದು ತಿಕೋಟಾದಲ್ಲಿ, ಶಿಕ್ಷಕರ ಸಭೆಯಲ್ಲಿ. ಮುಗಿದ ಮೇಲೆ ಸುಶೀಲಾ ಎಂಬ ಶಿಕ್ಷಕಿ ಹಿಂದಿನ ಸಾಲಿನಲ್ಲಿ ಎದ್ದು ನಿಂತು, "ನೀವು ಎಂದಾರ ಐವತ್ತಾರು ಹುಡುಗ್ಯಾರನ್ನ ಒಂದ ಖೋಲ್ಯಾಗ ಕೂಡಿಸಿ ಕಲಿಸೀರೇನ್ರಿ?" ಎಂದು ಕೇಳಿದಳು. ನಾನು ಒಬ್ಬಳಿಗೂ ಕಲಿಸಿದವನಲ್ಲ. ಸಭೆಯೆಲ್ಲ ನಕ್ಕಿತು. ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ, ಮದುವೆಯಾದರೆ ಇವಳನ್ನೇ ಎಂದು ಸೋದರಮಾವನ ಬೆನ್ನು ಹತ್ತಿದೆ.

ಅವಳ ಮನೆ ಬಬಲೇಶ್ವರದಲ್ಲಿ. ಅಜ್ಜ ನಿವೃತ್ತ ಹೆಡ್‌ಮಾಸ್ತರರು. ಚಹಾ ಬರುವ ಮೊದಲೇ ವಿಚಾರಣೆ ಸುರುವಾಯಿತು.

"ಹುಡುಗಂದು ಮುಲ್ಕಿ ಆಗೇತೇನ್ರಿ?"

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನೇ ನಮ್ಮ ಕಡೆ ಕಲಿತವನು. ಮಾಸ್ತರಿಕೆ ಸಿಗುತ್ತಿದ್ದುದೂ ಅದರಿಂದಲೇ. ನಾನೋ ನಾಲ್ಕನೆಯದು ಮುಗಿಸಿ ಇಂಗ್ಲಿಷ್ ಶಾಲೆಗೆ ಜಿಗಿದವನು, ಮುಲ್ಕಿಗೆ ಕೂತವನೇ ಅಲ್ಲ.

"ಅದೊಂದು ಆಗಿಲ್ರಿ. ಆದ್ರ ವಿಲಾಯತಿ ಡಾಕ್ಟರೇಟ್ ಆಗೇತ್ರಿ," ಎಂದ ಮಾವ.

"ಅಂದ್ರ ನಡುವ ಸಾಲಿ ಬಿಟ್ಟಾನ ಅನ್ರಿ." ಅಜ್ಜನ ದನಿಯಲ್ಲಿ ನಿಜವಾದ ಮರುಕವಿತ್ತು. "ನಮ್ಮ ಹುಡುಗಿ ಮುಲ್ಕಿ ಪಾಸಾಗಿ ಸಾಲಿ ಕಲಸಾಕತ್ತಾಳ. ಕಲ್ತ ಹುಡುಗೀನ ಇಂಥವಗ ಹೆಂಗ ಕೊಡೂದ್ರಿ? ಹೋಗ್ಲಿ ತಮ್ಮಾ, ಮುಕ್ಕಾಲ ಮಗ್ಗಿ ಬರ್ತದೇನು? ಹದಿಮೂರಕ್ಕ ಎಷ್ಟು?"

ಬಾಯಿಪಾಠ ಏಕೆ ಕೂಡದು ಎಂಬುದಕ್ಕೆ ನಾನು ಹನ್ನೊಂದು ಕಾರಣ ಕೊಡಬಲ್ಲೆ. ಹದಿಮೂರರ ಮುಕ್ಕಾಲು ಕೊಡಲಾರೆ. ಮಾವ ಮಾಳಿಗೆಯ ಜಂತಿ ಎಣಿಸತೊಡಗಿದ. ಹುಡುಗಿ ಕೈತಪ್ಪಿದಳೆಂದುಕೊಂಡೆ. ಅಷ್ಟರಲ್ಲಿ ಚಹಾ ತಂದ ಸುಶೀಲಾ ಬಸಿ ಇಡುತ್ತ, "ಒಂಬತ್ತೂ ಮುಕ್ಕಾಲು" ಎಂದು ಪಿಸುಗುಟ್ಟಿದಳು. ನಾನು ಗಟ್ಟಿಯಾಗಿ ಒಪ್ಪಿಸಿದೆ.

"ಕಾಪಿ ಹೊಡದಾನ," ಎಂದರು ಅಜ್ಜ.

"ಇರ್ಲಿ ಬಿಡ ಯಜ್ಜಾ. ನಾ ಕಲಸ್ತೇನಿ. ಮುಲ್ಕಿ ಪಾಸ ಮಾಡ್ಸೂದು ನನಗ ಬಿಡು."

ಈ ಕರಾರಿನ ಮೇಲೆ ಮದುವೆಯಾಯಿತು. ಆಕೆ ಮಾತಿಗೆ ತಪ್ಪುವವಳಲ್ಲ. ದಿನಾ ಸಂಜೆ ಮಗ್ಗಿ ಹೇಳಿಸಿದಳು. ಪರೀಕ್ಷೆಗೆ ಕೂಡುವುದನ್ನು ಮಾತ್ರ ನಾನು ಈ ವರ್ಷ ಪುಸ್ತಕ, ಮರುವರ್ಷ ಪರಿಷತ್ತು ಎಂದು ಮುಂದೂಡುತ್ತ ಬಂದೆ. ಅಷ್ಟರಲ್ಲಿ ಮುಲ್ಕಿ ಇರಬೇಕೋ ಬೇಡವೋ ಎಂದು ವಿಚಾರಿಸುವ ಸಮಿತಿಯೊಂದಕ್ಕೆ ನನ್ನನ್ನು ಹಾಕಿದರು. ಬೇಡವೆಂದು ಒಂದು ತಾಸು ವಾದಿಸಿ, ಗೆದ್ದು, ಸಹಿ ಹಾಕಿ, ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

ಸುಶೀಲಾ ಪೇಡೆ ಮುಟ್ಟಲಿಲ್ಲ. "ಪರೀಕ್ಷಾನ ತಗಸಿ ಬಂದ್ರೇನ್ರಿ? ಇನ್ನ ನೀವು ಪಾಸಾಗೂದು ಹೆಂಗ? ಅಜ್ಜಗ ನಾ ಏನ್ ಹೇಳ್ಲಿ?" ಎಂದಳು.

ಏನು ಹೇಳಿದಳೋ ತಿಳಿಯದು. ಬಬಲೇಶ್ವರಕ್ಕೆ ಹೋದಾಗಲೆಲ್ಲ ಅಜ್ಜ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಹೋಗಿಬರುವವರಿಗೆ ಪರಿಚಯಿಸುತ್ತಾರೆ: "ಮೊಮ್ಮಗಳ ಗಂಡ. ಭಾಳ ದೊಡ್ಡ ಮನಶ್ಯಾ. ತಾ ಪಾಸಾಗಲಿಲ್ಲಂತ ಪರೀಕ್ಷಾನ ಬಂದ್ ಮಾಡಿಸ್ಯಾನ."

ಅದು ಸುಳ್ಳು, ಮಕ್ಕಳ ಹಿತಕ್ಕಾಗಿ ಮಾಡಿದ್ದು ಎಂದು ಹೇಳಲು ನಾನು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಪ್ರತಿ ಸಲವೂ ಕೆಮ್ಮು ಬರುತ್ತದೆ.