ಕೆಡದೆ ಓಡಾಡುತ್ತಿರುವ ಲಿಫ್ಟಿನ ಮೇಲೊಂದು ದೂರು

ಎರಡನೆಯ ಮಹಡಿಯ ಹೆರಿಗೆ ವಿಭಾಗಕ್ಕೂ ನಾಲ್ಕನೆಯ ಮಹಡಿಯ ಮನೋರೋಗ ವಿಭಾಗಕ್ಕೂ ನಡುವೆ ಹಗಲಿಡೀ ದಣಿವರಿಯದೆ ಓಡಾಡುವ, ನಮ್ಮ ಆಸ್ಪತ್ರೆಯ ಏಕೈಕ ಲಿಫ್ಟ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಉಕ್ಕಿನ ಹಗ್ಗಗಳೂ ಗಾಲಿಗಳೂ ಕ್ಷೇಮವೆಂದು ಭಾವಿಸುತ್ತೇನೆ. ನಿಜ ಹೇಳಬೇಕೆಂದರೆ ಅವು ಕ್ಷೇಮವಾಗಿರುವುದೇ ಈ ದೂರಿಗೆ ಕಾರಣ. ಕಳೆದ ಒಂಬತ್ತು ತಿಂಗಳಿಂದ ತಾವು ತಾವಾಗಿಯೇ ಒಂದು ದಿನವೂ ಕೆಟ್ಟು ನಿಂತಿಲ್ಲವೆಂದು ಕೇಳಿ ನನಗಾದ ಸಂಕಟವನ್ನು ತೋಡಿಕೊಳ್ಳಲು ಈ ಪತ್ರ. ನಾನು ಶಾಲೆಯೊಂದರ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು, ದೂರು ಬರೆದು ರೂಢಿಯಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮಗೆ ನನ್ನ ಗುರುತು ಇರಲೇಬೇಕು. ನಾಲ್ಕು ವರ್ಷಗಳಿಂದ ದಿನಕ್ಕೊಂದು ಮಾತ್ರೆ ನುಂಗಿ, ಖಿನ್ನತೆಯನ್ನು ಹೊಸ್ತಿಲಾಚೆ ನಿಲ್ಲಿಸಿ, ನನ್ನ ಪಾಡಿಗೆ ನಾನು ಕೆಲಸ ಮಾಡಿಕೊಂಡಿದ್ದೆ. ಬಸುರಿಯೆಂದು ಗೊತ್ತಾದ ದಿನವೇ ಅತ್ತೆಯವರು, “ಹೊಟ್ಟೇಲಿ ಮಗು ಇಟ್ಕೊಂಡು ತಲೆಗೆ ಮಾತ್ರೆ ತಗೋತಾರೇನಮ್ಮಾ? ನಾವೆಲ್ಲ ಹೆರಲಿಲ್ವಾ?” ಎಂದು ಮಾತ್ರೆಗಳನ್ನು ಬೀರುವಿನ ತಲೆಯ ಮೇಲಕ್ಕೆ ಎಸೆದರು. ಔಷಧಿ ಅಂಗಡಿಯವರು ನನ್ನ ಹೊಟ್ಟೆ ನೋಡಿ ಚೀಟಿಯನ್ನೇ ಹಿಂದಕ್ಕೆ ಕೊಟ್ಟರು. ಒಳ್ಳೆಯ ತಾಯಿ ಎನ್ನಿಸಿಕೊಳ್ಳುವ ಆಸೆಯಿಂದ ನಾನೂ ಯಾರನ್ನೂ ಕೇಳದೆ ಒಂದೇ ದಿನದಲ್ಲಿ ಮಾತ್ರೆ ಬಿಟ್ಟೆ. ಆರನೆಯ ತಿಂಗಳ ಹೊತ್ತಿಗೆ ಊಟ ಬಿಟ್ಟಿತು, ನಿದ್ದೆ ಬಿಟ್ಟಿತು; ನಾನೇ ಇಲ್ಲದಿದ್ದರೆ ಈ ಮಗುವಿಗೆ ಒಳ್ಳೆಯದಲ್ಲವೇ ಎಂಬ ಯೋಚನೆ ಮಾತ್ರ ಬಿಡಲಿಲ್ಲ. ನನಗೆ ನನ್ನ ಮೇಲೇ ಭಯವಾಗತೊಡಗಿತು.

ಸ್ಕ್ಯಾನಿನಲ್ಲಿ ಮಗುವಿನ ಬೆಳವಣಿಗೆ ಸಾಲದೆಂದು ಬಂತು. ಎರಡನೆಯ ಮಹಡಿಯ ಹೆರಿಗೆ ಡಾಕ್ಟರು ಕಬ್ಬಿಣದ ಮಾತ್ರೆಯ ಕೆಳಗೆ ‘ಸಂತೋಷವಾಗಿರುವುದು’ ಎಂದು ಬರೆದುಕೊಟ್ಟರು. ಅದನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ ಆಮೇಲೋ ಬರೆದಿರಲಿಲ್ಲ. ಹಳೆಯ ಮಾತ್ರೆಯ ಬಗ್ಗೆ ಕೇಳಿದರೆ, “ಅದನ್ನ ಮೇಲೆ ಹೋಗಿ ಕೇಳಿ, ನಂಗೆ ಮಗು ಮುಖ್ಯ” ಎಂದರು. ತಾವು ನನ್ನನ್ನು ಪ್ರೀತಿಯಿಂದ ಮೇಲಕ್ಕೆ ಒಯ್ದಿರಿ. ನಾಲ್ಕನೆಯ ಮಹಡಿಯ ಮನಸ್ಸಿನ ಡಾಕ್ಟರು, “ಮಾತ್ರೆ ಬೇಕೇ ಬೇಕು, ಆದ್ರೆ ಕೆಳಗಿನವರು ಒಪ್ಪಿ ಸಹಿ ಹಾಕ್ಲಿ” ಎಂದರು. ತಾವು ಅಷ್ಟೇ ಪ್ರೀತಿಯಿಂದ ಕೆಳಗಿಳಿಸಿದಿರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ಎರಡೂ ಎಳೆಯಲೇ ಇಲ್ಲ; ಎಳೆದದ್ದೆಲ್ಲ ತಾವೇ. ಕೆಳಗೆ ನನಗೊಂದು ನೀಲಿ ಫೈಲು, ಮೇಲೊಂದು ಹಳದಿ ಫೈಲು. ಎರಡನ್ನೂ ಸೇರಿಸಿ ಹೊಲಿಯುವುದು ನನ್ನ ಕಸುಬೇ ಆದರೂ ಅದಕ್ಕೆ ಅಪ್ಪಣೆಯಿರಲಿಲ್ಲ. ಹೀಗೆ ಒಂಬತ್ತು ಸಲ ಹತ್ತಿಳಿದೆ, ಒಮ್ಮೆಯೂ ತಾವು ತಡಮಾಡಲಿಲ್ಲ. ಇಂಥ ಕರ್ತವ್ಯನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹತ್ತನೆಯ ಸಲ ತಾವು ಮೂರನೆಯ ಮಹಡಿಯ ಹತ್ತಿರ ಕೆಟ್ಟು ನಿಂತಿರಿ. ತಮ್ಮ ಆಯುಷ್ಯದ ಅತ್ಯಂತ ಘನವಾದ ಸೇವೆ ಅದೇ. ಗೋಡೆಯ ಧ್ವನಿಪೆಟ್ಟಿಗೆಯಿಂದ ಒಂದು ದನಿ, “ಗಾಬರಿ ಆಗ್ಬೇಡಿ. ಒಳಗೆ ಎಷ್ಟು ಜನ ಇದ್ದೀರಿ?” ಎಂದಿತು. “ಇಬ್ಬರು” ಎಂದೆ. ಆ ಕಟ್ಟಡದಲ್ಲಿ ನಮ್ಮಿಬ್ಬರನ್ನೂ ಸೇರಿಸಿ ಲೆಕ್ಕ ಕೇಳಿದವರು ಅದೇ ಮೊದಲು, ಅಳು ತಡೆಯಲಾಗಲಿಲ್ಲ. ಮೆಕ್ಯಾನಿಕ್ ಬಾಗಿಲು ಮೀಟಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದರು. ತಾವು ಕೆಟ್ಟ ಪುಣ್ಯಕ್ಕೆ, ಊಟಕ್ಕೆಂದು ಮನಸ್ಸಿನ ಡಾಕ್ಟರು ನಡೆದು ಇಳಿಯುತ್ತಿದ್ದರು, ಸಭೆಗೆಂದು ಹೆರಿಗೆ ಡಾಕ್ಟರು ನಡೆದು ಹತ್ತುತ್ತಿದ್ದರು. ಒಂದೇ ಕಟ್ಟಡದಲ್ಲಿ ಹನ್ನೊಂದು ವರ್ಷ ದುಡಿದ ಇಬ್ಬರೂ ನನ್ನ ಮುಂದೆ ಎದುರುಬದುರಾದರು. “ಈಯಮ್ಮ ಅಳ್ತಾ ಇದ್ದಾರೆ, ನಿಮ್ಮಿಬ್ರಲ್ಲಿ ಯಾರ ಪೇಷಂಟು?” ಎಂದು ಮೆಕ್ಯಾನಿಕ್ ಕೇಳಿದ್ದಕ್ಕೆ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಕೊನೆಗೆ ಅಲ್ಲೇ ಕೂತು, ಎರಡು ಫೈಲುಗಳನ್ನೂ ಒಂದೇ ಮೊಣಕಾಲ ಮೇಲೆ ಬಿಚ್ಚಿ, ಹನ್ನೆರಡು ನಿಮಿಷ ಮಾತಾಡಿದರು. ಮಾತ್ರೆಯಿಂದ ಬರಬಹುದಾದ ಅಪಾಯಕ್ಕಿಂತ ಮಾತ್ರೆಯಿಲ್ಲದೆ ಆಗಲೇ ಬಂದಿರುವ ಅಪಾಯ ದೊಡ್ಡದೆಂದು ಒಪ್ಪಿ, ಕಡಿಮೆ ಪ್ರಮಾಣದಿಂದ ಮತ್ತೆ ಶುರುಮಾಡುವುದು, ಎರಡು ವಾರಕ್ಕೊಮ್ಮೆ ಮಗುವನ್ನು ನೋಡುವುದು ಎಂದು ಒಂದೇ ಹಾಳೆಗೆ ಇಬ್ಬರೂ ಸಹಿ ಹಾಕಿದರು.

ನಾನು ಬದುಕಿದೆ. ಮಗಳು ತಿಂಗಳು ತುಂಬಿ ಹುಟ್ಟಿದಳು. ಮೊದಲೆರಡು ದಿನ ಅವಳ ಮೇಲೆ ವಿಶೇಷವಾಗಿ ಕಣ್ಣಿಟ್ಟಿದ್ದರು, ಈಗ ಎರಡು ಹಲ್ಲು ಬಂದು ನನ್ನ ಬೆರಳನ್ನೇ ಕಡಿಯುತ್ತಾಳೆ. ಅತ್ತೆಯವರೂ ದಿನಾ “ಮಾತ್ರೆ ತಗೊಂಡ್ಯಾ?” ಎಂದು ವಿಚಾರಿಸುತ್ತಾರೆ, ನೆಂಟರೆದುರಿಗೆ ಮಾತ್ರ ಅದು ಕಬ್ಬಿಣದ ಮಾತ್ರೆ.

ಇಷ್ಟಾದ ಮೇಲೆ ಆಡಳಿತದವರು ತಕ್ಷಣ ಎಚ್ಚೆತ್ತು ಏನು ಸರಿಪಡಿಸಿದರು? ತಮ್ಮನ್ನು. ಡಾಕ್ಟರುಗಳು ಮತ್ತೆ ಮೆಟ್ಟಿಲು ಮರೆತರು. ಆದ್ದರಿಂದ ನನ್ನ ನಮ್ರ ಕೋರಿಕೆ: ಬಸುರಿಯರ ತಪಾಸಣೆ ನಡೆಯುವ ಮಂಗಳವಾರ ಮತ್ತು ಶುಕ್ರವಾರಗಳಲ್ಲಿ ತಾವು ಹನ್ನೆರಡು ನಿಮಿಷವಾದರೂ ಕೆಡಬೇಕು. ಕೆಡುವುದು ತಮ್ಮ ಘನತೆಗೆ ಕುಂದೆನಿಸಿದರೆ ಇಬ್ಬರು ಡಾಕ್ಟರುಗಳನ್ನೂ ಒಳಗೆ ಕೂಡಿಹಾಕಿಕೊಂಡು, ಒಂದು ಹಾಳೆಗೆ ಎರಡು ಸಹಿ ಬೀಳುವವರೆಗೆ ಬಾಗಿಲು ತೆರೆಯಬಾರದು. ಅದೂ ಆಗದಿದ್ದರೆ ತಾವೇ ವೈದ್ಯಕೀಯ ಓದಿಬಿಡಿ. ಈ ಆಸ್ಪತ್ರೆಯಲ್ಲಿ ಎರಡೂ ಮಹಡಿಯ ಅನುಭವವಿರುವವರು ತಾವೊಬ್ಬರೇ.

ತಾವು ಕೆಡುವುದನ್ನೇ ಎದುರುನೋಡುತ್ತಿರುವ,
ತಮ್ಮ ವಿಶ್ವಾಸಿ,
ರಟ್ಟು ಕಟ್ಟುವವಳು

ವಿ.ಸೂ.: ನಿನ್ನೆ ಹನ್ನೊಂದೂವರೆಗೆ ತಾವು ದಿಢೀರನೆ ನಿಂತದ್ದೇಕೆಂದು ಮೆಕ್ಯಾನಿಕ್ ಎಷ್ಟು ತಡಕಿದರೂ ದೋಷ ಸಿಗಲಿಲ್ಲವಂತೆ. ತಮ್ಮಲ್ಲಿ ದೋಷವೇನೂ ಇಲ್ಲ, ಬೇಸರಪಡಬೇಡಿ. ಒಳಗೆ ಏಳು ತಿಂಗಳ ಬಸುರಿಯೊಬ್ಬಳು ಎರಡು ಫೈಲು ಅವಚಿಕೊಂಡು ಮೂಲೆಗೊರಗಿ ನಿಂತಿದ್ದಳು. ನಿಲ್ಲಿಸುವ ಕೆಂಪು ಗುಂಡಿ ಒತ್ತಿದವಳು ನಾನು. ಮೆಟ್ಟಿಲ ಮೇಲೆ ಎರಡು ಜೊತೆ ಬೂಟಿನ ಸದ್ದು ಕೇಳುವವರೆಗೂ ಕೈ ತೆಗೆಯಲಿಲ್ಲ. ಮಗಳ ಚುಚ್ಚುಮದ್ದಿಗೆಂದು ಬಂದಿದ್ದೆ. ಇನ್ನೂ ಮೂರು ಬಾಕಿ ಇವೆ.